ಅನ್ಯಲೋಕದ ಕಥನಗಳು: ಕ್ರೈಸ್ತ ನಂಬಿಕೆ, ವಿಜ್ಞಾನ ಮತ್ತು ಕನ್ನಡ ಜನಪದರ ಆಕಾಶ

ಬೀರೂರಿನ ಮೈಲಾರಲಿಂಗಸ್ವಾಮಿಯ ಕಾರಣಿಕವು ಪ್ರತಿವರ್ಷ ದಸರೆಯ ಸಂದರ್ಭದಲ್ಲಿ ನಡೆಯುತ್ತದೆ. ಒಂದೆರಡು ಮಾತುಗಳಲ್ಲಿ ಮುಗಿದುಹೋಗುವ ಆ ನುಡಿಯನ್ನು ಕೇಳಲು ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ರೈತರು ನೆರೆಯುತ್ತಾರೆ. ಬರಲಿರುವ ವರ್ಷದ ಮಳೆ, ಬೆಳೆ, ರಾಜ್ಯಭಾರಗಳನ್ನು ಆ ನುಡಿಯೊಳಗೆ ಹುಡುಕಿಕೊಂಡು ಊರಿಗೆ ಮರಳುತ್ತಾರೆ. ಇದೇ ಸೀಮೆಯಲ್ಲಿ ಶನಿವಾರದ ರಾತ್ರಿಗಳಂದು ಶನಿಮಹಾತ್ಮೆಯ ಓದು ನಡೆಯುತ್ತದೆ. ಆಕಾಶದ ಒಂದು ಗ್ರಹವು ವಿಕ್ರಮರಾಜನ ಬದುಕಿನೊಳಗೆ ಇಳಿದು ಅವನನ್ನು ಏಳೂವರೆ ವರ್ಷ ಕಾಡುವ ಕಥೆಯನ್ನು ಹೆಂಗಸರು, ಮಕ್ಕಳು, ಮುದುಕರು ಕುಳಿತು ಕೇಳುತ್ತಾರೆ. ಈ ಎರಡು ಕಥನಗಳನ್ನು ಕೇಳುತ್ತಲೇ ಬೀರೂರಿನಲ್ಲಿ ಬೆಳೆದ ನನಗೆ, ಮುಂದೆ ಪಾಶ್ಚಾತ್ಯ ವೈಜ್ಞಾನಿಕ ಕಾದಂಬರಿಗಳನ್ನು, ಅದರಲ್ಲಿಯೂ ಕ್ರೈಸ್ತ ನಂಬಿಕೆಯನ್ನು ಅನ್ಯಗ್ರಹಗಳಿಗೆ ಕೊಂಡೊಯ್ದ ಕಾದಂಬರಿಗಳನ್ನು ಓದಿದಾಗ ಒಂದು ಪ್ರಶ್ನೆ ಹುಟ್ಟಿತು. ಮಿಷನರಿಗಳ ಮುದ್ರಣಾಲಯ, ಶಾಲೆ, ನಿಘಂಟುಗಳಿಂದ ಅಷ್ಟೊಂದು ಪಡೆದುಕೊಂಡ ಕನ್ನಡದಲ್ಲಿ ಈ ಬಗೆಯ ಕಥನವು ಏಕೆ ಒಂದು ಪರಂಪರೆಯಾಗಿ ಬೆಳೆಯಲಿಲ್ಲ?

ಪ್ರಸ್ತುತ ಲೇಖನವು ಈ ಪ್ರಶ್ನೆಗೆ ಉತ್ತರವನ್ನು ಹುಡುಕುವ ಪ್ರಯತ್ನವಾಗಿದೆ. ಹೊಸ ಖಗೋಳವಿಜ್ಞಾನವು ಕನ್ನಡ ನೆಲಕ್ಕೆ ಬಂದಾಗ ಜನಪದರ ಆಕಾಶವನ್ನು ಪ್ರಶ್ನಿಸುವ ಸಾಧನವಾಗಿ ಬಂದಿತು. ಅದೇ ವಿಜ್ಞಾನವು ಕ್ರೈಸ್ತ ನಂಬಿಕೆಗೆ ಒಡ್ಡಿದ್ದ ಕಠಿಣ ಪ್ರಶ್ನೆಯು ಅದರೊಂದಿಗೆ ಬರಲಿಲ್ಲ. ಆ ಪ್ರಶ್ನೆಯಿಂದಲೇ ಯುರೋಪಿನಲ್ಲಿ ಒಂದು ಕಥನ ಪ್ರಕಾರವು ಹುಟ್ಟಿತು ಎಂಬುದು ಇಲ್ಲಿನ ಮುಖ್ಯ ವಾದ.

1. ಪ್ರಶ್ನೆಯ ಮೂಲ

ಭೂಮಿಯು ವಿಶ್ವದ ನಡುವೆ ಸ್ಥಿರವಾಗಿದೆ ಎಂದು ನಂಬಿದ್ದವರೆಗೆ ಕ್ರೈಸ್ತ ಧರ್ಮಶಾಸ್ತ್ರಕ್ಕೆ ಅನ್ಯಲೋಕವಾಸಿಗಳ ಸಮಸ್ಯೆ ತೀವ್ರವಾಗಿರಲಿಲ್ಲ. ಕೊಪರ್ನಿಕಸನ ಗ್ರಂಥವು 1543ರಲ್ಲಿ ಪ್ರಕಟವಾದ ಬಳಿಕ ಭೂಮಿಯೂ ಒಂದು ಗ್ರಹವಾಯಿತು. ಭೂಮಿ ಗ್ರಹವಾದರೆ ಉಳಿದ ಗ್ರಹಗಳೂ ಭೂಮಿಗಳೇ ಆಗಿರಬಹುದು; ಅಲ್ಲಿಯೂ ಬುದ್ಧಿಯುಳ್ಳ ಜೀವಿಗಳಿರಬಹುದು. ಹಾಗಿದ್ದಲ್ಲಿ ಅವರು ಆದಾಮನ ಸಂತತಿಯಲ್ಲ. ಆದಾಮನ ಪಾಪ ಅವರಿಗೆ ಅಂಟಿದೆಯೇ? ಅಂಟಿದ್ದರೆ ಭೂಮಿಯ ಮೇಲೆ ಒಮ್ಮೆ ನಡೆದ ಕ್ರಿಸ್ತನ ಬಲಿದಾನ ಅವರಿಗೂ ಸಲ್ಲುತ್ತದೆಯೇ, ಅಥವಾ ಆತ ಪ್ರತಿಯೊಂದು ಲೋಕದಲ್ಲಿಯೂ ಹುಟ್ಟಿ ಸಾಯಬೇಕೇ? ಕ್ರಿಸ್ತನು ಒಮ್ಮೆ ಮಾತ್ರ ಮರಣಹೊಂದಿದನು ಎಂಬ ಆಧಾರದಿಂದಲೇ ಲೂಥರನ ಸಹವರ್ತಿ ಮೆಲಾಂಕ್ಥನ್ 16ನೆಯ ಶತಮಾನದಲ್ಲಿ ಲೋಕಗಳ ಬಹುತ್ವವನ್ನು ನಿರಾಕರಿಸಿದ್ದನು. ಅಸಂಖ್ಯ ಲೋಕಗಳನ್ನು ಪ್ರತಿಪಾದಿಸಿದ ಜೋರ್ಡಾನೊ ಬ್ರೂನೊ 1600ರಲ್ಲಿ ರೋಮಿನಲ್ಲಿ ದಹಿಸಲ್ಪಟ್ಟನು; ಅವನ ಮೇಲಿನ ಆರೋಪಗಳಲ್ಲಿ ಇದೂ ಒಂದಾಗಿತ್ತು.

ಥಾಮಸ್ ಪೇನ್ 1794ರಲ್ಲಿ 'ಏಜ್ ಆಫ್ ರೀಸನ್' ಕೃತಿಯಲ್ಲಿ ಈ ಪ್ರಶ್ನೆಯನ್ನು ಕ್ರೈಸ್ತ ಧರ್ಮದ ವಿರುದ್ಧ ಆಯುಧವಾಗಿ ಬಳಸಿದನು. ಲೋಕಗಳು ಅಸಂಖ್ಯವೆಂದು ಒಪ್ಪಿದವನಿಗೆ ಒಂದು ಪುಟ್ಟ ಗ್ರಹದ ರಕ್ಷಣೆಯ ಕಥೆಯು ಹಾಸ್ಯಾಸ್ಪದವಾಗಿ ಕಾಣುವುದೆಂಬುದು ಅವನ ವಾದ. ಇದಕ್ಕೆ ಉತ್ತರವಾಗಿ ಸ್ಕಾಟ್ಲೆಂಡಿನ ಪಾದ್ರಿ ಥಾಮಸ್ ಚಾಮರ್ಸ್ ಗ್ಲಾಸ್ಗೋ ನಗರದ ಚರ್ಚಿನಲ್ಲಿ ನೀಡಿದ ಖಗೋಳ ಪ್ರವಚನಗಳು 1817ರಲ್ಲಿ ಅಚ್ಚಾಗಿ ಅಪಾರ ಜನಪ್ರಿಯತೆಯನ್ನು ಗಳಿಸಿದವು. ಇನ್ನೊಬ್ಬ ಸ್ಕಾಟಿಷ್ ಲೇಖಕ ಥಾಮಸ್ ಡಿಕ್ 1837ರಲ್ಲಿ ಸೌರಮಂಡಲದ ಜನಸಂಖ್ಯೆಯನ್ನೇ ಲೆಕ್ಕಹಾಕಿ ಅದು 21 ಲಕ್ಷ ಕೋಟಿಗೂ ಅಧಿಕವೆಂದು ಬರೆದನು. ಲೋಕಗಳು ಬರಿದಾಗಿದ್ದರೆ ಸೃಷ್ಟಿಕರ್ತನ ಶ್ರಮ ವ್ಯರ್ಥವಾದಂತೆ ಎಂಬುದು ಅವನ ನಂಬಿಕೆ. ಇದಕ್ಕೆ ವಿರುದ್ಧವಾಗಿ ಕೇಂಬ್ರಿಡ್ಜಿನ ವಿದ್ವಾಂಸ ವಿಲಿಯಂ ಹ್ಯೂಯೆಲ್ 1853ರಲ್ಲಿ ಅನ್ಯಲೋಕಗಳಲ್ಲಿ ಬುದ್ಧಿಜೀವಿಗಳಿಲ್ಲವೆಂದು ವಾದಿಸಿದನು. ಮರುವರ್ಷವೇ ಡೇವಿಡ್ ಬ್ರೂಸ್ಟರ್ ಅವನನ್ನು ಖಂಡಿಸಿದನು. ವಾದ, ಪ್ರತಿವಾದ ಎರಡೂ ಕಡೆಯವರು ವಿಶ್ವಾಸಿ ಕ್ರೈಸ್ತರೇ ಆಗಿದ್ದರೆಂಬುದು ಗಮನಾರ್ಹ.

2. ಕನ್ನಡ ನೆಲಕ್ಕೆ ಬಂದ ಆಕಾಶ

ಯುರೋಪಿನಲ್ಲಿ ಈ ಚರ್ಚೆ ನಡೆಯುತ್ತಿದ್ದ ಕಾಲವೇ ಕನ್ನಡ ನಾಡಿಗೆ ಮಿಷನರಿಗಳು ಬಂದ ಕಾಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದರು. ಚಾಮರ್ಸನ ಶಿಷ್ಯನಾದ ಅಲೆಕ್ಸಾಂಡರ್ ಡಫ್ 1830ರಲ್ಲಿ ಕಲ್ಕತ್ತೆಗೆ ಬಂದು ಮಿಷನ್ ಶಿಕ್ಷಣಕ್ಕೆ ಹೊಸ ರೂಪವನ್ನು ಕೊಟ್ಟನು. ಪುರಾಣದ ಮೇರುಪರ್ವತ, ಸಪ್ತಸಮುದ್ರಗಳಿಗೆ ಪ್ರತಿಯಾಗಿ ಭೂಗೋಳ ಮತ್ತು ಖಗೋಳದ ಪಾಠಗಳನ್ನು ಮುಂದಿಡುವುದು ದೇಶದಾದ್ಯಂತ ಮಿಷನ್ ಶಾಲೆಗಳ ಸಾಮಾನ್ಯ ಕ್ರಮವಾಗಿತ್ತು. ಗ್ರಹಣಕ್ಕೆ ರಾಹುಕೇತುಗಳು ಕಾರಣರಲ್ಲವೆಂದು ತಿಳಿಸಿದರೆ ಅವರ ಹಿಂದಿನ ಧರ್ಮವೂ ಕಳಚಿಬೀಳುವುದೆಂಬ ನಿರೀಕ್ಷೆ ಅದರ ಹಿಂದಿತ್ತು. ಆದರೆ ಗುರುಗಳು ತಮ್ಮ ನಾಡಿನಲ್ಲಿ ಅದೇ ದೂರದರ್ಶಕವು ಎಬ್ಬಿಸಿದ್ದ ಗದ್ದಲವನ್ನು ಇಲ್ಲಿನ ಶಾಲೆಯೊಳಗೆ ತರಲಿಲ್ಲ. ದೂರದರ್ಶಕದ ಮುಖ ಒಂದೇ ದಿಕ್ಕಿಗಿತ್ತು.

ಈ ಸಂದರ್ಭದಲ್ಲಿ ಎರಡು ಗ್ರಹಣಗಳನ್ನು ನೆನೆಯಬೇಕು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಿಂದ ವೀಕ್ಷಿಸಿದವರಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷಲ್ ಒಬ್ಬನು. ಯುರೇನಸ್ ಗ್ರಹವನ್ನು 1781ರಲ್ಲಿ ಕಂಡುಹಿಡಿದ ವಿಲಿಯಂ ಹರ್ಷಲ್ ಇವನ ಅಜ್ಜ. ಸೂರ್ಯನ ಹೊಳೆಯುವ ಮೋಡಗಳ ಕೆಳಗೆ ಜೀವಿಗಳು ವಾಸಿಸುತ್ತಿರಬಹುದೆಂದು 1795ರಲ್ಲಿ ಬರೆದವನು ಆ ಅಜ್ಜ. ಮೊಮ್ಮಗನು ಜಮಖಂಡಿಯಲ್ಲಿ ರೋಹಿತದರ್ಶಕದ ಮೂಲಕ ಸೂರ್ಯನ ಅಂಚಿನ ಜ್ವಾಲೆಗಳನ್ನು ನೋಡಿದಾಗ ಕಂಡದ್ದು ಪ್ರಕಾಶಮಾನವಾದ ಗೆರೆಗಳು; ಅವು ಕಾದ ಅನಿಲವೆಂಬುದಕ್ಕೆ ಸಾಕ್ಷಿ. ಅಜ್ಜನು ಸೂರ್ಯನಲ್ಲಿ ಕಲ್ಪಿಸಿದ್ದ ಊರುಗಳಿಗೆ ಅಲ್ಲಿ ಎಡೆಯಿರಲಿಲ್ಲ.

ಮೂರು ವರ್ಷಗಳ ಬಳಿಕ, 1871ರ ಡಿಸೆಂಬರ್ 12ರಂದು, ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ, ಇಂದು ಕಾಸರಗೋಡು ಜಿಲ್ಲೆಯಲ್ಲಿರುವ ಬೇಕಲ ಕೋಟೆಯಲ್ಲಿ ನಾರ್ಮನ್ ಲಾಕಿಯರ್‌ನ ತಂಡವು ಗ್ರಹಣವನ್ನು ವೀಕ್ಷಿಸಿತು. ಸುತ್ತಣ ಜನರು ಸೂರ್ಯನನ್ನು ಬಿಡಿಸಲು ಬೆಂಕಿ ಹೊತ್ತಿಸತೊಡಗಿದಾಗ ಹೊಗೆಯು ನೋಟವನ್ನು ಮುಚ್ಚೀತೆಂದು ಪೊಲೀಸರು ಆ ಬೆಂಕಿಯನ್ನು ತುಳಿದು ನಂದಿಸಿದರು. ಲಾಕಿಯರ್ ಮಿಷನರಿಯಾಗಿರಲಿಲ್ಲ, ಅವನ ಕೆಲಸವು ವಿಜ್ಞಾನಕ್ಕೆ ಅಗತ್ಯವಾದುದೇ ಆಗಿತ್ತು. ಆದರೂ ಜನಪದ ಅಧ್ಯಯನಕಾರರಿಗೆ ಈ ಘಟನೆ ಮುಖ್ಯ. ಒಂದೇ ಸೂರ್ಯನ ಕೆಳಗೆ ಎರಡು ಕಥನಗಳಿದ್ದವು. ಒಂದನ್ನು ಬರೆದಿಡಲಾಯಿತು, ಇನ್ನೊಂದನ್ನು ಕಾಲಿನಿಂದ ಆರಿಸಲಾಯಿತು. ಬೆಂಕಿ ಹೊತ್ತಿಸಿದವರು ಏನು ಹಾಡುತ್ತಿದ್ದರು, ಯಾರನ್ನು ಕರೆಯುತ್ತಿದ್ದರು ಎಂಬುದು ವೀಕ್ಷಕರ ಆಸಕ್ತಿಯ ವಿಷಯವಾಗಿರಲಿಲ್ಲ.

ಬೇರೆ ದಾರಿ ಇರಲಿಲ್ಲವೆಂದಲ್ಲ. ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು 1874ರ ಶುಕ್ರಸಂಕ್ರಮಣವನ್ನು ಜನರಿಗೆ ತಿಳಿಸಲು ಪುಸ್ತಿಕೆಯನ್ನು ರಚಿಸಿದಾಗ ಅದನ್ನು ಸಂವಾದದ ರೂಪದಲ್ಲಿ ಬರೆದರು. ಪಂಚಾಂಗದ ಪರಂಪರೆಯಿಂದಲೇ ಬಂದ ಅವರು ಆ ಪರಂಪರೆಯ ಒಳಗೆ ನಿಂತೇ ಹೊಸ ಲೆಕ್ಕಾಚಾರವನ್ನು ಒಪ್ಪಿಸಲು ಯತ್ನಿಸಿದರು.

3. ಗ್ರಹ, ಲೋಕ, ಪರಲೋಕ

ಕನ್ನಡದ ಮಾತುಗಳೇ ಈ ವಿಷಯದಲ್ಲಿ ಒಂದು ಇತಿಹಾಸವನ್ನು ಹೇಳುತ್ತವೆ. ಇಂಗ್ಲಿಷಿನ 'ಹೆವನ್' ಎಂಬ ಒಂದೇ ಪದವು ನಕ್ಷತ್ರಗಳಿರುವ ಆಕಾಶವನ್ನೂ ದೇವರಿರುವ ಸ್ಥಾನವನ್ನೂ ಸೂಚಿಸುತ್ತದೆ. ಕನ್ನಡಕ್ಕೆ ಬೈಬಲ್ಲನ್ನು ತಂದವರು ಅದನ್ನು ಎರಡಾಗಿ ಒಡೆಯಬೇಕಾಯಿತು. ಸೃಷ್ಟಿಯಾದುದು ಆಕಾಶವಾಯಿತು; ತಂದೆಯಾದ ದೇವರ ನೆಲೆಯು ಪ್ರಾಟೆಸ್ಟಂಟರ ಬಳಕೆಯಲ್ಲಿ ಪರಲೋಕ, ಕಥೋಲಿಕರ ಬಳಕೆಯಲ್ಲಿ ಸ್ವರ್ಗ ಎಂದಾಯಿತು. ಹೀಗಾಗಿ ದೂರದರ್ಶಕಕ್ಕೆ ಸಿಗುವ ಆಕಾಶ ಬೇರೆ, ಪ್ರಾರ್ಥನೆಗೆ ಸಿಗುವ ಲೋಕ ಬೇರೆ ಎಂಬ ವಿಂಗಡಣೆಯು ಕನ್ನಡ ಕ್ರೈಸ್ತ ಭಾಷೆಯಲ್ಲಿ ಮೊದಲಿನಿಂದಲೇ ನೆಲೆಗೊಂಡಿತು. ಇಂಗ್ಲಿಷ್ ಓದುಗನನ್ನು ಕಾಡಿದ ಗೊಂದಲವು ಕನ್ನಡ ಕ್ರೈಸ್ತನನ್ನು ಅಷ್ಟಾಗಿ ಕಾಡದಿರಲು ಈ ಅನುವಾದವೂ ಒಂದು ಕಾರಣವಾಗಿರಬಹುದು.

'ಲೋಕ' ಎಂಬ ಪದದ ವಿಷಯ ಇನ್ನೂ ಸ್ವಾರಸ್ಯಕರವಾದುದು. ಲೋಕವೆಂದರೆ ನಮ್ಮಲ್ಲಿ ಸ್ಥಳವೂ ಹೌದು, ಜನರೂ ಹೌದು. ಜನರಿಲ್ಲದ ಲೋಕವನ್ನು ಕನ್ನಡ ನುಡಿಯು ಸುಲಭವಾಗಿ ಕಲ್ಪಿಸಲಾರದು. ದೇವಲೋಕ, ನಾಗಲೋಕ, ಪಾತಾಳಲೋಕಗಳಲ್ಲಿ ವಾಸಿಗಳಿದ್ದಾರೆ. ನಮ್ಮ ಜನಪದ ಕಥೆಗಳ ವೀರರು ಅಲ್ಲಿಗೆ ಹೋಗಿಬರುತ್ತಾರೆ, ಹೆಣ್ಣು ತರುತ್ತಾರೆ, ಋಣ ತೀರಿಸುತ್ತಾರೆ. ಅನ್ಯಲೋಕದಲ್ಲಿ ಯಾರೋ ಇದ್ದಾರೆಂಬ ಸುದ್ದಿಯು ಕಥೆ ಕೇಳುತ್ತಿದ್ದ ಹಳ್ಳಿಗನ ನಂಬಿಕೆಯನ್ನು ಅಲುಗಿಸುವ ಸುದ್ದಿಯಾಗಿರಲಿಲ್ಲ. ಯುರೋಪಿಗೆ ಆಘಾತವಾದುದು ಇಲ್ಲಿ ರೂಢಿಯಾಗಿತ್ತು.

ಇದಕ್ಕಿಂತ ಮುಖ್ಯವಾದುದು 'ಗ್ರಹ'. ಗ್ರಹವೆಂದರೆ ಹಿಡಿಯುವುದು, ಗ್ರಹಣ, ಗ್ರಹಚಾರಗಳು ಅದೇ ಕುಲದ ಮಾತುಗಳು. ಶನಿ, ಮಂಗಳ, ಶುಕ್ರರು ಯಾರೋ ವಾಸಿಸುವ ನೆಲಗಳಲ್ಲ, ಸ್ವತಃ ವ್ಯಕ್ತಿಗಳು. ಆದುದರಿಂದ ಗ್ರಹದ ಮೇಲೆ ಜನರನ್ನು ಕಲ್ಪಿಸುವ ಮೊದಲು ಗ್ರಹವೇ ಜನವಾಗಿರುವುದನ್ನು ಮರೆಯಬೇಕಾಗಿತ್ತು. ಆ ವ್ಯಕ್ತಿತ್ವದೊಳಗೆ ನೋಟದ ಅರಿವೂ ಅಡಗಿತ್ತು. ಶನಿಗ್ರಹವು ಸೂರ್ಯನನ್ನು ಸುತ್ತಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಹನ್ನೆರಡು ರಾಶಿಗಳಿಗೆ ಹಂಚಿದರೆ ಒಂದು ರಾಶಿಗೆ ಸುಮಾರು ಎರಡೂವರೆ ವರ್ಷ, ಮೂರು ರಾಶಿಗಳಿಗೆ ಏಳೂವರೆ ವರ್ಷ. ವಿಕ್ರಮರಾಜನ ಕಷ್ಟದ ಅವಧಿಯು ಕವಿಯ ಲಹರಿಯಲ್ಲ, ಬರಿಗಣ್ಣಿನ ದೀರ್ಘ ವೀಕ್ಷಣೆಯಿಂದ ಬಂದ ಅಳತೆ. ಸೂರ್ಯನು ಇಪ್ಪತ್ತೇಳು ನಕ್ಷತ್ರಗಳಲ್ಲಿ ಹದಿಮೂರು, ಹದಿನಾಲ್ಕು ದಿನಗಳಂತೆ ಸಾಗುವುದನ್ನು ಹಿಡಿದೇ ನಮ್ಮ ರೈತರು ರೋಹಿಣಿ, ಮೃಗಶಿರ, ಆರಿದ್ರ, ಮಘೆ, ಸ್ವಾತಿ ಮಳೆಗಳನ್ನು ಎಣಿಸುತ್ತಾರೆ. ಕಥೆ ಮತ್ತು ಲೆಕ್ಕ ಇಲ್ಲಿ ಬೇರೆ ಬೇರೆಯಾಗಿರಲಿಲ್ಲ.

4. ಕಾದಂಬರಿಯಲ್ಲಿ ಮರಳಿಬಂದ ಗ್ರಹದೇವತೆ

ಧರ್ಮಶಾಸ್ತ್ರದಲ್ಲಿ ಬಗೆಹರಿಯದ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಕಾದಂಬರಿಕಾರರು ಕೈಗೆತ್ತಿಕೊಂಡರು. ಇವರಲ್ಲಿ ಆಕ್ಸ್‌ಫರ್ಡಿನ ಸಾಹಿತ್ಯ ವಿದ್ವಾಂಸ ಸಿ.ಎಸ್. ಲೂಯಿಸ್ ಪ್ರಮುಖರು. 'ಔಟ್ ಆಫ್ ದಿ ಸೈಲೆಂಟ್ ಪ್ಲಾನೆಟ್' (1938), 'ಪೆರೆಲಾಂಡ್ರ' (1943), 'ದಟ್ ಹಿಡಿಯಸ್ ಸ್ಟ್ರೆಂತ್' (1945) ಎಂಬ ಅವರ ಮೂರು ಕಾದಂಬರಿಗಳಲ್ಲಿ ಪ್ರತಿಯೊಂದು ಗ್ರಹಕ್ಕೂ ಒಯಾರ್ಸ ಎಂಬ ಒಡೆಯ ಚೇತನವಿದೆ. ಭೂಮಿಯ ಒಡೆಯನು ಕೆಟ್ಟುದರಿಂದ ಅದು ಉಳಿದ ಲೋಕಗಳೊಡನೆ ಮಾತು ಕಳೆದುಕೊಂಡ ಮೌನಗ್ರಹವಾಗಿದೆ. ಮಂಗಳದ ಜೀವಿಗಳು ಪತನಹೊಂದಿಲ್ಲ. ಶುಕ್ರಗ್ರಹದಲ್ಲಿ ಆದಿಸ್ತ್ರೀಗೆ ಪ್ರಲೋಭನೆ ಎದುರಾಗುತ್ತದೆ. ಈ ಬಾರಿ ಪತನವು ತಪ್ಪುತ್ತದೆ. ಅನ್ಯಲೋಕದವರೆಲ್ಲರೂ ಪಾಪಿಗಳೆಂದೇಕೆ ಭಾವಿಸಬೇಕು ಎಂಬುದು ಲೂಯಿಸ್ ಕೊಟ್ಟ ಉತ್ತರ.

ಇಲ್ಲಿ ಕನ್ನಡ ಓದುಗರು ಒಂದು ವಿಚಿತ್ರವನ್ನು ಕಾಣುತ್ತಾರೆ. ಮಿಷನ್ ಶಾಲೆಯ ಖಗೋಳಪಾಠವು ಯಾವ ಗ್ರಹದೇವತೆಯನ್ನು ಮೂಢನಂಬಿಕೆಯೆಂದು ಹೊರಹಾಕಿತ್ತೋ ಅದೇ ಬಗೆಯ ಗ್ರಹಚೇತನವನ್ನು ಒಬ್ಬ ಕ್ರೈಸ್ತ ಲೇಖಕನು ತನ್ನ ನಂಬಿಕೆಯ ರಕ್ಷಣೆಗಾಗಿ ಮರಳಿ ಕರೆತಂದಿದ್ದಾನೆ. ಯುರೋಪಿನ ಮಧ್ಯಯುಗದ ಜ್ಯೋತಿಷ್ಯ ಕಲ್ಪನೆಯಿಂದ ಲೂಯಿಸ್ ಅದನ್ನು ಪಡೆದರೇ ಹೊರತು ಭಾರತದಿಂದಲ್ಲ. ಆದರೂ ಒಯಾರ್ಸನ ಮುಂದೆ ನಿಂತ ಮನುಷ್ಯನ ಸ್ಥಿತಿಗೂ ಶನಿಯ ಮುಂದೆ ನಿಂತ ವಿಕ್ರಮನ ಸ್ಥಿತಿಗೂ ಹೋಲಿಕೆಯಿದೆ. ಎರಡರಲ್ಲಿಯೂ ಆಕಾಶವು ಮನುಷ್ಯನ ಅಹಂಕಾರವನ್ನು ವಿಚಾರಿಸುತ್ತದೆ. ವ್ಯತ್ಯಾಸವೆಂದರೆ, ಶನಿಯು ಗ್ರಹವೇ ಆಗಿದ್ದಾನೆ. ಒಯಾರ್ಸನು ಗ್ರಹವನ್ನು ಕಾಯುವ, ದೇವರಿಗೆ ಅಧೀನನಾದ ಸೇವಕನಾಗಿದ್ದಾನೆ.

ಲೂಯಿಸ್‌ರ ಕಥಾನಾಯಕ ರ‍್ಯಾನ್ಸಮ್ ಭಾಷಾಶಾಸ್ತ್ರಜ್ಞನಾಗಿರುವುದೂ ಆಕಸ್ಮಿಕವಲ್ಲ. ಅವನು ಮಂಗಳದವರ ನುಡಿಯನ್ನು ಕಲಿಯುತ್ತಾನೆ, ಅವರ ಹಾಡು ಕೇಳುತ್ತಾನೆ. ಜೊತೆಗೆ ಬಂದ ವಿಜ್ಞಾನಿ ವೆಸ್ಟನ್ ಮಾನವಕುಲದ ವಿಸ್ತರಣೆಯ ಹಕ್ಕನ್ನು ಸಾರಿದಾಗ ರ‍್ಯಾನ್ಸಮ್ ಅದನ್ನು ಅಲ್ಲಿನ ಸರಳ ನುಡಿಗೆ ಅನುವಾದಿಸುತ್ತಾನೆ. ಅನುವಾದದಲ್ಲಿ ಆ ಘನವಾದ ಮಾತು ಬರಿಯ ಕಳ್ಳತನವಾಗಿ ಕಾಣಿಸುತ್ತದೆ. ನಮಗೆ ಇಲ್ಲಿ ಕಿಟೆಲ್ ನೆನಪಾಗದಿರರು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ 1862ರಲ್ಲಿ ಕ್ರಿಸ್ತನ ಚರಿತೆಯನ್ನು 'ಕಥಾಮಾಲೆ'ಯಾಗಿ ಇಲ್ಲಿನ ಛಂದಸ್ಸಿನಲ್ಲಿ ಹಾಡಿದರು. 1894ರಲ್ಲಿ ಮಹಾನಿಘಂಟನ್ನು ಕೊಟ್ಟರು. ಮೋಗ್ಲಿಂಗ್ ದಾಸರ ಪದಗಳನ್ನು ಅಚ್ಚಿಗೆ ತಂದರು. ಮಿಷನರಿ ಪರಂಪರೆಯಲ್ಲಿ ಕೇಳಿಸಿಕೊಂಡವರೂ ಇದ್ದರು. ಆದರೆ ಆ ಆಲಿಸುವಿಕೆಯು ಭಾಷೆ, ಛಂದಸ್ಸುಗಳಿಗೆ ಸಂದಿತೇ ಹೊರತು ಜನರ ಆಕಾಶಕ್ಕೆ ಸಲ್ಲಲಿಲ್ಲ.

ಲೂಯಿಸ್‌ರ ನಿಲುವು ಟೀಕೆಗೆ ಹೊರತಾಗಲಿಲ್ಲ. ವಿಜ್ಞಾನಿಯನ್ನು ಖಳನನ್ನಾಗಿ ಚಿತ್ರಿಸಿದ್ದನ್ನು ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1946ರಲ್ಲಿ ಕಟುವಾಗಿ ವಿಮರ್ಶಿಸಿದರು. ಅದೇ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದರು. ವಿಜ್ಞಾನದ ದೃಷ್ಟಿಯಿಂದ ನೋಡಿದರೂ ಲೂಯಿಸ್‌ರ ಶುಕ್ರಗ್ರಹ ಉಳಿಯಲಿಲ್ಲ. ಅವರು ಸಿಹಿನೀರಿನ ಸಾಗರವನ್ನೂ ತೇಲುವ ದ್ವೀಪಗಳನ್ನೂ ಕಲ್ಪಿಸಿದ್ದರು. 1970ರಲ್ಲಿ ಅಲ್ಲಿಗಿಳಿದ ಸೋವಿಯತ್ ನೌಕೆ ವೆನೆರಾ-7 ಸುಮಾರು 475 ಡಿಗ್ರಿ ಸೆಲ್ಸಿಯಸ್ ತಾಪವನ್ನು ತಿಳಿಸಿತು. ಕಥೆಯ ವಿಜ್ಞಾನವು ಹಳತಾಯಿತು, ಅದು ಎತ್ತಿದ ಪ್ರಶ್ನೆ ಹಳತಾಗಲಿಲ್ಲ.

ಆರ್ಥರ್ ಸಿ. ಕ್ಲಾರ್ಕ್ 1955ರ 'ದಿ ಸ್ಟಾರ್' ಕಥೆಯಲ್ಲಿ ಅದೇ ಪ್ರಶ್ನೆಯನ್ನು ತಿರುಗಿಸಿ ಹಿಡಿದರು. ಬೆತ್ಲೆಹೇಮಿನ ಮೇಲೆ ಹೊಳೆದ ನಕ್ಷತ್ರವು ಇನ್ನೊಂದು ನಾಗರಿಕತೆಯನ್ನೇ ಸುಟ್ಟ ಸ್ಫೋಟವಾಗಿತ್ತೆಂದು ಜೆಸ್ವಿಟ್ ಖಗೋಳಜ್ಞನೊಬ್ಬನು ಅರಿಯುತ್ತಾನೆ. ಜೇಮ್ಸ್ ಬ್ಲಿಷ್‌ರ 'ಎ ಕೇಸ್ ಆಫ್ ಕಾನ್ಷಿಯನ್ಸ್' (1958) ಕಾದಂಬರಿಯಲ್ಲಿ ದೇವರನ್ನರಿಯದೆಯೂ ಪಾಪವಿಲ್ಲದ ಸಮಾಜವನ್ನು ಕಂಡ ಪಾದ್ರಿ, ಅದು ಸೈತಾನನ ಸೃಷ್ಟಿಯೇ ಎಂದು ತಳಮಳಿಸುತ್ತಾನೆ. ಮೇರಿ ಡೋರಿಯ ರಸೆಲ್‌ರ 'ದಿ ಸ್ಪ್ಯಾರೋ' (1996) ಕಾದಂಬರಿಯಲ್ಲಿ ಜೆಸ್ವಿಟರು ಆಲ್ಫ ಸೆಂಟಾರಿಯ ಗ್ರಹಕ್ಕೆ ಹೋಗುತ್ತಾರೆ. ಅವರ ಸದುದ್ದೇಶವೇ ಅಲ್ಲಿನವರಿಗೆ ವಿಪತ್ತಾಗುತ್ತದೆ. ಆ ನಕ್ಷತ್ರವು ಜೋಡಿ ನಕ್ಷತ್ರವೆಂದು 1689ರಲ್ಲಿ ಪಾಂಡಿಚೇರಿಯಿಂದ ಗುರುತಿಸಿದವನೂ ಜೆಸ್ವಿಟ್ ಪಾದ್ರಿಯೇ, ಜಾನ್ ರಿಶೋ. ದಕ್ಷಿಣ ಭಾರತದ ಆಕಾಶವು ಈ ಕಥನಕ್ಕೆ ಸಂಪೂರ್ಣ ಹೊರಗಿನದಲ್ಲ.

5. ಕನ್ನಡದ ವೈಜ್ಞಾನಿಕ ಕಥನ

ಕನ್ನಡದಲ್ಲಿ ವೈಜ್ಞಾನಿಕ ಕಥಾಸಾಹಿತ್ಯಕ್ಕೆ ನೆಲೆ ಒದಗಿಸಿದವರಲ್ಲಿ ರಾಜಶೇಖರ ಭೂಸನೂರಮಠರು ಮುಖ್ಯರು. 1993ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿದ, ಬಾಳ ಫೋಂಡ್ಕೆ ಸಂಪಾದಿತ ಭಾರತೀಯ ವೈಜ್ಞಾನಿಕ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ಅವರ ಕಥೆಯೂ ಇದೆ. ಅದರ ಶೀರ್ಷಿಕೆಯಲ್ಲಿರುವುದೂ ಶುಕ್ರಗ್ರಹವೇ. 'ಮನು' ಕಾವ್ಯನಾಮದ ಲೇಖಕರ 'ಮಹಾಸಂಪರ್ಕ' ಕಾದಂಬರಿಯು ಮಹಾಭಾರತವನ್ನು ಅನ್ಯಗ್ರಹಜೀವಿಗಳ ಸಂಪರ್ಕದ ಹಿನ್ನೆಲೆಯಲ್ಲಿ ಮರುಕಥಿಸುತ್ತದೆ. ನಂಬಿಕೆ ಮತ್ತು ವಿಜ್ಞಾನಗಳ ಬೆಸುಗೆ ಕನ್ನಡದಲ್ಲಿ ಬೈಬಲ್ಲಿಗಿಂತ ಮಹಾಕಾವ್ಯದ ದಾರಿಯಲ್ಲಿ ನಡೆಯಿತೆಂಬುದಕ್ಕೆ ಇದು ನಿದರ್ಶನ. ಕನ್ನಡದ ಪ್ರಮುಖ ಕ್ರೈಸ್ತ ಕಾದಂಬರಿಕಾರರಾದ ಸಾಗರದ ನಾ. ಡಿಸೋಜರು ಆಧುನಿಕ ತಂತ್ರಜ್ಞಾನವನ್ನು ಎದುರುಗೊಂಡದ್ದು ಗ್ರಹಗಳಲ್ಲಲ್ಲ, ಶರಾವತಿಯ ಅಣೆಕಟ್ಟಿನ ಕೆಳಗೆ ಮುಳುಗಿದ ಊರುಗಳಲ್ಲಿ. ಮಲೆನಾಡಿನವರಿಗೆ ಕಳೆದುಹೋದ ಲೋಕವು ಆಕಾಶದಲ್ಲಿರಲಿಲ್ಲ, ನೀರಿನಡಿಯಲ್ಲಿತ್ತು.

6. ಸಮಾರೋಪ

ಮೇಲಿನ ವಿವೇಚನೆಯಿಂದ ಜನಪದ ನಂಬಿಕೆಗಳೆಲ್ಲವೂ ಸರಿಯೆಂಬ ತೀರ್ಮಾನಕ್ಕೆ ಬರಬಾರದು. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣದಂದು ಕಲಬುರಗಿ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು ಗುಣವಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಗಿತ್ತು. ಆ ಮಕ್ಕಳ ಅಳುವನ್ನು ಸಂಸ್ಕೃತಿಯ ಹೆಸರಿನಲ್ಲಿ ಸಮರ್ಥಿಸಲಾಗದು. ಬೇಕಲದಲ್ಲಿ ಬೆಂಕಿ ನಂದಿಸಿದ ವಿಜ್ಞಾನವೇ ಇಲ್ಲಿ ಆ ಮಕ್ಕಳ ಪಕ್ಷದಲ್ಲಿ ನಿಲ್ಲಬೇಕಾಗಿತ್ತು. ಆದರೆ ಒಂದೂವರೆ ಶತಮಾನದ ಖಗೋಳಪಾಠದ ನಂತರವೂ ಈ ಆಚರಣೆ ಉಳಿದಿದೆಯೆಂದರೆ, ನಿರಾಕರಣೆಯಷ್ಟರಿಂದಲೇ ನಂಬಿಕೆಯು ಬದಲಾಗುವುದಿಲ್ಲವೆಂದೇ ಅರ್ಥ. ಯುರೋಪಿನ ಕ್ರೈಸ್ತ ಲೇಖಕರು ವಿಜ್ಞಾನವನ್ನು ತಮ್ಮ ನಂಬಿಕೆಯೊಳಗೆ ಕರೆದು, ಅದರ ಪ್ರಶ್ನೆಗೆ ಕಥೆಯ ಮೂಲಕ ಉತ್ತರ ಹುಡುಕಿದರು. ಕೆಲವರು ಸೋತರು, ಕೆಲವರು ಸಂದೇಹದಲ್ಲಿ ಉಳಿದರು. ಅಂಥ ಒಳಚರ್ಚೆಯ ಅವಕಾಶವು ಶನಿಮಹಾತ್ಮೆಯನ್ನು ಕೇಳುವ ಜನರಿಗೆ ದೊರೆಯಲಿಲ್ಲ. ಅವರ ಮುಂದೆ ಇದ್ದುದು ಎರಡೇ ಆಯ್ಕೆ: ಕಥೆಯನ್ನು ಬಿಡುವುದು, ಇಲ್ಲವೇ ವಿಜ್ಞಾನಕ್ಕೆ ಕಿವಿ ಮುಚ್ಚಿಕೊಳ್ಳುವುದು.

ಸೌರಮಂಡಲದಾಚೆ ಖಚಿತವಾಗಿ ಗುರುತಿಸಲಾದ ಗ್ರಹಗಳ ಸಂಖ್ಯೆ ಈಗ 6 ಸಾವಿರವನ್ನು ದಾಟಿದೆ. ವ್ಯಾಟಿಕನ್ ವೀಕ್ಷಣಾಲಯದ ಅಂದಿನ ನಿರ್ದೇಶಕ ಹೊಸೆ ಗೇಬ್ರಿಯಲ್ ಫುನೆಸ್ 2008ರಲ್ಲಿಯೇ ಅನ್ಯಗ್ರಹಜೀವಿಯನ್ನು ಸಹೋದರನೆಂದು ಕರೆಯಲು ಅಡ್ಡಿಯಿಲ್ಲವೆಂದು ಹೇಳಿದ್ದರು. ಕಡೂರು, ತರೀಕೆರೆ, ಅಜ್ಜಂಪುರ ಭಾಗದ ಕುರಿಗಾಹಿಗಳು, ರೈತರು ಮತ್ತು ಗೊರವರ ನಾಲಗೆಯಲ್ಲಿ ಇಂದಿಗೂ ಉಳಿದಿರುವ ನಕ್ಷತ್ರಗಳ ಹೆಸರುಗಳನ್ನು, ಮಳೆಯ ಲೆಕ್ಕಗಳನ್ನು, ಗ್ರಹಕಥೆಗಳನ್ನು ತಾಲ್ಲೂಕುವಾರು ಸಂಗ್ರಹಿಸುವ ಕೆಲಸವನ್ನು ನಮ್ಮ ಸಂಸ್ಥೆಗಳು ತುರ್ತಾಗಿ ಕೈಗೊಳ್ಳಬೇಕಾಗಿದೆ. ಬೀದಿದೀಪಗಳ ಬೆಳಕಿನಲ್ಲಿ ನಕ್ಷತ್ರಗಳು ಮರೆಯಾಗುತ್ತಿರುವಂತೆ ಅವುಗಳ ಹೆಸರುಗಳನ್ನು ಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ಬೆಳಗಿನ ಜಾವ ಬೆಳ್ಳಿ ಮೂಡಿತೆಂದು ಎದ್ದು ನೇಗಿಲು ಹೂಡುತ್ತಿದ್ದ ರೈತನಿಗೂ, ಅದೇ ಬೆಳ್ಳಿಯಲ್ಲಿ ಪತನವಿಲ್ಲದ ಲೋಕವನ್ನು ಕಂಡ ಕಾದಂಬರಿಕಾರನಿಗೂ ಒಂದೇ ಆಕಾಶವಿತ್ತು. ಎರಡು ನೋಟಗಳನ್ನೂ ಒಂದೇ ಗೌರವದಿಂದ, ಒಂದೇ ಕಟ್ಟುನಿಟ್ಟಿನಿಂದ ಪರಿಶೀಲಿಸುವುದು ಜಾನಪದ ಅಧ್ಯಯನದ ಮುಂದಿರುವ ಹೊಣೆಯಾಗಿದೆ.